ಎಂಟಕ್ಕೂ ಒಂಬತ್ತಕ್ಕೂ ನಡುವೆ

ಕಲಬುರಗಿ ಕೋಟೆಯ ಬುರುಜಿನ ಮೇಲೆ
ಹಿಮ್ಮಡಿ ಕದಲದಂತೆ ನಿಂತು
ಮೆಲ್ಲಗೆ ತಿರುಗುತ್ತ ಹನ್ನೊಂದು ಚಿತ್ರ ತೆಗೆದೆ.
ಒಂದರ ಅಂಚು ಮುಂದಿನದರೊಳಗೆ ಮೂರರಲ್ಲೊಂದು ಪಾಲು:
ತಗಡು ಹೊದಿಸುವವರಿಗೆ ಈ ಲೆಕ್ಕ ಗೊತ್ತು.

ರಾತ್ರಿ, ಕರೆಂಟು ಬಂದ ಮೇಲೆ,
ಹೊಲಿಯಲು ಕೊಟ್ಟೆ.
ಕಂಪ್ಯೂಟರು ಗುರುತು ಹುಡುಕಿತು:
ಕಲ್ಲಿನ ಮುಕ್ಕು, ತೋಪಿನ ಕಬ್ಬಿಣದ ಬಳೆ,
ಗೋಡೆಸಂದಿಯ ಬೇವಿನ ಸಸಿ.
ಏಪ್ರಿಲ್ ಆಕಾಶದಲ್ಲಿ ಮಾತ್ರ ಹಿಡಿಯಲು ಏನೂ ಇಲ್ಲ,
ಸುಣ್ಣ ಬಳಿದ ಹಾಗೆ.
ಇದ್ದದ್ದು ಒಂದೇ ಹದ್ದು.
ಅದನ್ನೇ ಗೂಟವೆಂದು ನಂಬಿ
ಆರನೆಯದನ್ನು ಏಳನೆಯದಕ್ಕೆ ಕಟ್ಟಿತು.
ಸುಲ್ತಾನರ ಕಾಲದಿಂದ ಅಲುಗದ ಗೋಡೆ
ಹದ್ದಿನ ಕಡೆಗೆ ಬಾಗಿತು.

ತಪ್ಪು ಅದರದಲ್ಲ,
ಅಲ್ಲಿ ಚೊಕ್ಕವಾಗಿ ಕಂಡದ್ದು ಅದೊಂದೇ.

ಹದ್ದನ್ನು ಅಳಿಸಿದೆ. ಗೋಡೆ ನೆಟ್ಟಗಾಯಿತು.
ಆಗ ಕಂಡಳು ಮೆಹಬೂಬಬಿ,
ಎಂಟರಲ್ಲಿ ಒದ್ದೆ ಚಾದರ ಜಾಡಿಸುತ್ತ.
ಒಂಬತ್ತರಲ್ಲಿ ಚಾದರ ತಂತಿಯ ಮೇಲೆ, ಅವಳಿಲ್ಲ.
ನಡುವೆ, ನಾನು ಲೆನ್ಸಿನ ಧೂಳು ಒರೆಸಿಕೊಂಡಷ್ಟು ಹೊತ್ತು.
ಹೊಲಿಗೆ ಅವಳನ್ನು ತೆಗೆದು
ನೆರಳನ್ನು ಮರೆತಿತ್ತು.

ಪ್ರಿಂಟು ಸುರುಳಿ ಸುತ್ತಿ ಒಯ್ದು ಕೊಟ್ಟೆ.
ಚಾಪೆಯ ಮೇಲೆ ಬಿಚ್ಚಿದಳು,
ತುದಿಗೊಂದೊಂದು ಚಂಬು ಇಟ್ಟು.
ಬೆರಳು ಗೋಡೆಗುಂಟ ನಡೆಯಿತು,
ಬಾಗಿಲು, ಕೊಡ, ಆಡಿನ ಹಗ್ಗ,
ನೆರಳಿನ ಮೇಲೆ ನಿಂತಿತು.
"ಇದು ನಂದಾ? ಮತ್ತ ನಾ ಎಲ್ಲಿ ಹೋಗೀನಿ?"

ನಾನು ಉತ್ತರ ಜೋಡಿಸುವುದರೊಳಗೆ
ತಾನೇ ಅಂದಳು:
"ಹಾಂ, ಒಳಗ ಹಾಲಿಟ್ಟಿದ್ದೆ.
ಉಕ್ಕಿ ಹೋಗಿತ್ತು ಅವತ್ತು."