ಎರಡೂವರೆ ಮನೆ

ನಾಪೋಕ್ಲು ಪೇಟೆಯಲ್ಲಿ ಆಲಿಕುಟ್ಟಿ ಕಾಕನ ಗಡಿಯಾರದಂಗಡಿ.
ಹನ್ನೊಂದು ಗಡಿಯಾರ, ಹನ್ನೊಂದು ಹೊತ್ತು.
ಟಪಾಲು ಚೀಲ ಕೆಳಗಿಟ್ಟು ಕೂತರೆ
ಯಾವುದನ್ನು ನಂಬಿ ಏಳಬೇಕೋ ತಿಳಿಯುವುದಿಲ್ಲ;
ಅದಕ್ಕೇ ಕೂರುತ್ತೇನೆ.

ಕರಿ ಕುದುರೆಗಳಲ್ಲಿ ಒಂದು ಕಳೆದು ವರ್ಷಗಳಾದವು.
ಅದರ ಜಾಗಕ್ಕೆ ಗೋಡೆ ಗಡಿಯಾರದ ಹಿತ್ತಾಳೆ ಕೀಲಿ.
ನನಗೆ ಯಾವಾಗಲೂ ಕರಿ.
ಕಾಕ ಹಿರಿಯರು, ಅಂಗಡಿಯೂ ಅವರದು.

ಇವತ್ತು ನನಗೆ ಉಳಿದದ್ದು ಆ ಕೀಲಿ, ಒಬ್ಬ ರಾಜ.
ರಾಜ ಆ ಮೂಲೆಯಲ್ಲಿ, ಕೂಗಿದರೂ ಕೇಳದಷ್ಟು ದೂರ,
ಕಕ್ಕಬ್ಬೆಯ ಕೊನೇ ಬಸ್ಸು ತಪ್ಪಿದವನ ಹಾಗೆ.
ಈ ಅಂಚಿನಲ್ಲಿ ಕಾಕನ ಬಿಳಿ ಕಾಲಾಳು,
ಎಡಬಲದಲ್ಲಿ ತಡೆಯುವ ಆಳಿಲ್ಲ,
ಇನ್ನೆರಡೇ ಹೆಜ್ಜೆಗೆ ಮಂತ್ರಿ.
ಎದುರಿಗೆ, ಬಾಗಿಲಿಗಡ್ಡ ಮಲಗಿದ ನಾಯಿಯಂತೆ, ನನ್ನ ಕೀಲಿ.

ಅಂಚಿನ ಕುದುರೆ ಅರೆಕುದುರೆ.
ಬಿಳಿ ರಾಜ ಪಕ್ಕಕ್ಕೇ ಬಂದು ನಿಂತ: ಏಳು ಇಲ್ಲಿಂದ.
ಸೋತೆನೆಂದು ನನ್ನ ರಾಜನನ್ನು ಮಲಗಿಸಲು ಕೈ ಚಾಚಿದೆ.
"ಅವಸರ ಏನು, ಗಡಿಯಾರದ ಅಂಗಡಿಯಲ್ಲಿ?"
ಅಂದರು ಕಾಕ, ಕಣ್ಣಿನ ಭೂತಗನ್ನಡಿ ತೆಗೆಯದೆ.

ಬೇತು, ಕೊಳಕೇರಿ, ಹೊದವಾಡ;
ಇಪ್ಪತ್ತಾರು ವರ್ಷ ಹಂಚಿದ್ದೇನೆ ಕಾಗದ.
ನಮ್ಮಲ್ಲಿ ಮನೆಗೆ ಮನೆ ಅಂಟಿರುವುದಿಲ್ಲ.
ಎದುರು ಕಾಣುವ ಹೆಂಚಿಗೆ ನೆಟ್ಟಗೆ ಹೋದವನು
ಗದ್ದೆಯ ಕೆಸರಲ್ಲಿ ಚಪ್ಪಲಿ ಬಿಟ್ಟು ಬರುತ್ತಾನೆ.
ಎರಡು ಏರಿ ಹತ್ತಿ, ಒಂದು ಪಕ್ಕಕ್ಕೆ ಹೊರಳಿ,
ಮನೆಗೇ ಬೆನ್ನು ಹಾಕಿ ನಡೆದರೆ
ಅಂಗಳ ತಾನಾಗಿ ಸಿಗುತ್ತದೆ.

ಬೆನ್ನು ಹಾಕಿದೆ.
ದಾರಿ ಬಿಟ್ಟು ಕೀಲಿ ಆಚೆ ಹಾರಿತು,
ರಾಜ ಅಟ್ಟಿಕೊಂಡು ಬಂದ;
ಮತ್ತೊಂದು ನೆಗೆತ, ಇನ್ನೂ ದೂರ.
ಹಾದಿ ತೆರವು. ಕಾಲಾಳು ಒಂದು ಹೆಜ್ಜೆ ಇಟ್ಟ.
ಇನ್ನೊಂದಕ್ಕೆ ಕಾಲೆತ್ತುವ ಮೊದಲೇ
ಕೀಲಿ ಕೊನೆಯ ಸಾಲಿಗೆ ಬಿದ್ದು ಟಣ್ಣೆಂದಿತು:
ಒಂದು ಗೊರಸು ರಾಜನ ಮೇಲೆ, ಒಂದು ಆಳಿನ ಮೇಲೆ.
"ಚೆಕ್."

ಕಾಕನ ಕೈ ಗಡ್ಡದಲ್ಲೇ ನಿಂತಿತು.
ಒಂದು ಗಡಿಯಾರ ನಾಲ್ಕು ಹೊಡೆಯಿತು,
ಹಿಂದೆಯೇ ಇನ್ನೊಂದು, ಒಂಬತ್ತು.

ರಾಜ ಸರಿದ. ಕುದುರೆ ಆಳನ್ನು ತಿಂದಿತು,
ರಾಜ ಕುದುರೆಯನ್ನು.
ಅರವತ್ನಾಲ್ಕು ಮನೆ, ಇಬ್ಬರು ರಾಜರು,
ಆಳಲು ಒಬ್ಬ ಆಳೂ ಇಲ್ಲ.

"ಚಾಯ ಕುಡಿದು ಹೋಗು," ಅಂದರು.
ಹೊಳೆಯಾಚೆಗೆ ಒಂದು ರಿಜಿಸ್ಟರ್ ಕಾಗದ ಬಾಕಿ ಇತ್ತು,
ಚೀಲ ಹೆಗಲಿಗೇರಿಸಿದೆ.
ತಿರುಗಿ ನೋಡಿದರೆ, ಕಾಕ
ಸತ್ತ ಕುದುರೆಯನ್ನು ಪಂಚೆಗೆ ಒರೆಸಿ,
ಸ್ಟೂಲು ಹತ್ತಿ,
ಗೋಡೆ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು.