ಯಾವ ಕರ್ನಲ್?

ಹೊಸ ಕರ್ನಲ್ ಕಟ್ಟಬೇಕು ಎಂದೆ ಫೋನಿನಲ್ಲಿ.
ಬೆಳ್ಯಪ್ಪ ಒಂದು ಕ್ಷಣ ಸುಮ್ಮನಾದರು.
"ಯಾವ ಕರ್ನಲ್? ಸುಂಟಿಕೊಪ್ಪದಲ್ಲೇ ಏಳು ಜನ ಇದ್ದಾರಲ್ಲಮ್ಮ,
ಎಲ್ಲ ರಿಟೈರ್ಡ್."

ಇದು ಬೇರೆ, ಹವಾಲ್ದಾರರೇ.
ಕಂಪ್ಯೂಟರಿನ ಒಳಗೆ ಕೂತು
ಯಾರು ಯಾವಾಗ ಏನು ಮಾಡಬೇಕೆಂದು ಹೇಳುವುದು.
"ಹಾಗಾದರೆ ಅದೇ," ಎಂದರು.

ಹೋದ ವಾರ ಯಾರೋ ಅಪ್‌ಡೇಟ್ ಒತ್ತಿದ್ದಾರೆ.
ಹೊಸದರಲ್ಲಿ ಹಳೆಯ ಸೀರಿಯಲ್ ಕಾರ್ಡಿನ ಡ್ರೈವರ್ ಇಲ್ಲ,
ಹಳೆಯದನ್ನು ಜಾಗ ಸಾಲದೆಂದು ಅದೇ ಗುಡಿಸಿಹಾಕಿದೆ.
ವೇಬ್ರಿಡ್ಜ್ ತೂಗುತ್ತದೆ, ಹೇಳಲು ಬಾಯಿಲ್ಲ.
ಗೇಟಿನಾಚೆ ಹಣ್ಣು ಕಾಫಿಯ ಆರು ಲಾರಿ,
ಟಾರ್ಪಾಲಿನಡಿ ಬಿಸಿಯೇರಿ ಹುಳಿವಾಸನೆ.

ಅಂಗಡಿಯ ಶಟರ್ ಅರ್ಧ ಇಳಿಸಿ ಸೋರ್ಸ್ ಬಿಚ್ಚಿದೆ.
ಪ್ರಶ್ನೆ ಶುರು:
ಇದು ಒಳಗೇ ಇರಲೆ? ಕರೆದಾಗ ಬಂದರೆ ಸಾಕೆ? ಬೇಡವೆ?
ಹವ್ಯಾಸಿ ರೇಡಿಯೋ, ಬೇಡ.
ಜಾಯ್‌ಸ್ಟಿಕ್, ಬೇಡ. ಟಿವಿ ಕಾರ್ಡು,
ಹೆಸರೇ ಕೇಳದ ಕಂಪನಿಗಳ ಹೆಸರೇ ಕೇಳದ ಚಿಪ್ಪುಗಳು,
ಬೇಡ, ಬೇಡ.
ಅಮ್ಮ ಕ್ಯೂರಿಂಗ್ ವರ್ಕ್ಸಿನಲ್ಲಿ ಹತ್ತೊಂಬತ್ತು ವರ್ಷ
ಕಪ್ಪುಬೀಜ ಒಡಕುಬೀಜ ಆರಿಸಿದವಳು,
ಪಕ್ಕದ ಆಮಿನಾಳ ಜತೆ ಜಗಳವಾಡುತ್ತಲೇ.
ಆ ಬೆರಳು ನನಗೂ ಬಂದಿದೆ ಅಂದುಕೊಂಡು
ವೇಗ ಹೆಚ್ಚಿಸಿದೆ.

ಆವೃತ್ತಿಯ ಬಾಲಕ್ಕೆ ಊರಿನ ಹೆಸರು ಕಟ್ಟಿ ಮೇಕ್ ಒತ್ತಿದೆ.
ಫ್ಯಾನು ಕೂಗತೊಡಗಿತು. ಸಿಸಿ, ಸಿಸಿ, ಸಿಸಿ,
ಸಾಲಿನ ಮೇಲೆ ಸಾಲು.
ಹನ್ನೊಂದೂವರೆಗೆ ಕರೆಂಟು ಹೋಯಿತು.
ಯುಪಿಎಸ್ ಹನ್ನೆರಡು ನಿಮಿಷ ಅತ್ತು ಸುಮ್ಮನಾಯಿತು.
ಕತ್ತಲಲ್ಲಿ ಫ್ಲಾಸ್ಕಿನ ಬೆಲ್ಲದ ಕಾಫಿ, ತಣ್ಣಗಾದದ್ದು.
ಎರಡಕ್ಕೆ ಬೆಳಕು, ಬಿಟ್ಟ ಸಾಲಿನಿಂದಲೇ ಹಿಡಿದುಕೊಂಡಿತು.
ನಾಲ್ಕಕ್ಕೆ ಡಿಸ್ಕ್ ತುಂಬಿತು;
ಡಿಬಗ್ ಮಾಹಿತಿಗೂ ಬೇಡ ಎಂದೆ.
ಬೆಳಗಾಗುವಾಗ ಮೂರು ಡೆಬ್ ಪ್ಯಾಕೇಜು,
ಪೆನ್‌ಡ್ರೈವಿನಲ್ಲಿ, ಸ್ವೆಟರಿನ ಜೇಬಿನಲ್ಲಿ.

ಇನ್‌ಸ್ಟಾಲ್. ರೀಬೂಟ್. ಕಪ್ಪು ಪರದೆ, ಬಿಳಿ ಅಕ್ಷರ:
ಕರ್ನಲ್ ಪ್ಯಾನಿಕ್.

ಬೆಳ್ಯಪ್ಪ ಕನ್ನಡಕ ಸರಿಸಿ ಎರಡು ಸಲ ಓದಿದರು.
"ಇಪ್ಪತ್ತೆಂಟು ವರ್ಷ ಸರ್ವಿಸು ನನ್ನದು.
ಕರ್ನಲ್ ಗಾಬರಿಯಾದದ್ದು ನೋಡಿದ್ದೇನೆ.
ಹೀಗೆ ಬಾಯಿಬಿಟ್ಟು ಒಪ್ಪಿಕೊಂಡದ್ದು ನೋಡಿಲ್ಲ."

ತಪ್ಪು ನನ್ನದು.
ಅಷ್ಟೊಂದು ಬೇಡಗಳ ನಡುವೆ
ಅವರ ಹಳೇ ಹಾರ್ಡ್‌ಡಿಸ್ಕಿನ ಕಂಟ್ರೋಲರಿಗೂ ಬೇಡ ಅಂದಿದ್ದೆ.
ಎದ್ದು ನಿಂತದ್ದಕ್ಕೆ ತನ್ನ ಮನೆಯೇ ಕಾಣಲಿಲ್ಲ.
ಕಪ್ಪಿನ ಜತೆ ಒಳ್ಳೇ ಬೀಜ ಹೋದರೆ
ಅಮ್ಮನಿಗೆ ಕೂಲಿ ಹಿಡಿಯುತ್ತಿದ್ದರು.

ಮೂಗ ಕರ್ನಲ್ ಇನ್ನೂ ಮೆನುವಿನಲ್ಲಿತ್ತು, ಪುಣ್ಯಕ್ಕೆ.
ಅದನ್ನೇ ಎಬ್ಬಿಸಿ ಕೂರಿಸಿ
ಅಂಗಡಿಗೆ ಓಡಿ, ಒಂದು ಬೇಡವನ್ನು ಬೇಕು ಮಾಡಿ
ಮತ್ತೆ ಕಟ್ಟಿ ತಂದೆ.

ಈ ಸಲ ಪರದೆಯ ಮೂಲೆಯಲ್ಲಿ ಊರಿನ ಹೆಸರು.
ಕೆಳಗೆ ಸೊನ್ನೆ.
ಸೊನ್ನೆ ನೋಡಿ ಅಷ್ಟು ಖುಷಿಪಟ್ಟವರಿಲ್ಲ.

ಲಾರಿಗೆ ಮುಂಚೆ ನಾನೇ ಹತ್ತಿ ನಿಂತೆ: ಐವತ್ತು.
ಬೆಳ್ಯಪ್ಪ ಹತ್ತಿದರು: ನೂರಮೂವತ್ತು.
ಹತ್ತು ಕಿಲೋಗಿಂತ ಸಣ್ಣದು ಈ ಯಂತ್ರದ ಲೆಕ್ಕಕ್ಕಿಲ್ಲ.
"ಎಂಬತ್ತೇ? ನಾನು ಎಪ್ಪತ್ತಾರು," ಎಂದು ವಾದಕ್ಕಿಳಿದರು.
ಮೊದಲ ಲಾರಿಯವನು ಹಾರನ್ ಹೊಡೆದ,
ಇಳೀರಿ ಇಬ್ಬರೂ, ಇಳೀರಿ.