ನೂರು ಹುಣಸೀಬೀಜ

ಧಾರವಾಡದಿಂದ ಬಂದಿದ್ದಳು ಆ ಹುಡುಗಿ,
ಸಂಶೋಧನೆಯವಳು, ಕಮಲಾಕ್ಷಿ ಇಟಗಿ.
ನಮ್ಮ ಗದಗಿನ ಆಸ್ಪತ್ರೆಯ ಮೀಟಿಂಗ್ ಖೋಲಿಯಲ್ಲಿ
ಜಮಖಾನ ಹಾಸಿ ಹತ್ತು ಕಾರ್ಡು ಇಟ್ಟಳು,
ಕಾರ್ಡಿಗೊಂದು ಪ್ರಶ್ನೆ.
ಒಬ್ಬೊಬ್ಬರ ಉಡಿಗೆ ನೂರು ಹುಣಸೀಬೀಜ.

"ಮನಷ್ಯಾ ಮನಷ್ಯಾನ ಮ್ಯಾಲೆ ಕೈ ಎತ್ತೂದನ್ನ ತಡೀಬೇಕಂದ್ರ
ಮೊದಲ ಏನು ತಿಳಕೋಬೇಕು?
ಯಾವ ಪ್ರಶ್ನೆ ಭಾರ ಅನಸ್ತದೋ ಅಲ್ಲೆ ಹೆಚ್ಚು ಹಾಕ್ರಿ.
ಇವ ಕಾರ್ಡು ಇಪ್ಪತ್ತು ದೇಶದಾಗ ಹಾಸ್ಯಾರ.
ಎಲ್ಲಾ ಕೂಡಿಸಿ ಎಣಸ್ತೀವಿ."

ಇಪ್ಪತ್ತೂ ದೇಶದಲ್ಲಿ ಹುಣಸೀಬೀಜವೇ? ಕೇಳಿದೆ.
ನಕ್ಕಳು: ಕೆಲವು ಕಡೆ ಅವರೆ, ಕೆಲವು ಕಡೆ ಕಲ್ಲು.
ಕಲ್ಲು ಅಂದಾಗ ಉಳಿದವರು ನಗಲಿಲ್ಲ.

ಹವಾಲ್ದಾರ ನದಾಫ ನೂರನ್ನೂ ಒಮ್ಮೆಲೇ
ಸಾರಾಯಿ ಕಾರ್ಡಿನ ಮೇಲೆ ಸುರಿದ.
ಚಹಾ ಬಂತು. ಅರ್ಧ ಕುಡಿದು, ಬಗ್ಗಿ,
ನಲವತ್ತು ಬೀಜ ತಿರುಗಿ ಹೆಕ್ಕಿಕೊಂಡ.
"ನಮ್ಮಪ್ಪ ಒಂದ ಹನಿ ಮುಟ್ಟತಿದ್ದಿಲ್ರಿ," ಅಂದ.

ಸಾಲಿ ಅಕ್ಕೋರು ಹುಡುಗರ ಕಾರ್ಡಿನ ಮುಂದೆ ಕೂತವರು
ಹತ್ತು ಹತ್ತರ ಗುಂಪು ಮಾಡುತ್ತ:
"ಏಟು ತಿಂದಾವ್ರು ಏಟು ಕೊಡತಾರ ಅಂತ ಬರದೀರಿ.
ಎಲ್ಲಾರೂ ಕೊಡೂದಿಲ್ಲಲ್ಲವಾ.
ಆ ಉಳದಾವ್ರನ್ನ ಉಳಸಿದ್ದು ಏನು?"
ಹುಡುಗಿ ಬರೆದುಕೊಂಡಳು. ಎರಡು ಸಲ ಗೆರೆ ಎಳೆದಳು.

ನನ್ನ ಬೀಜ ಇನ್ನೂ ಉಡಿಯಲ್ಲೇ.
ಇಪ್ಪತ್ತೊಂದು ವರ್ಷ ಅಪಘಾತ ವಿಭಾಗದ ರಜಿಸ್ಟರ್ ಬರೆದ ಕೈ.
ಅದರಲ್ಲಿ 'ಕಾರಣ' ಅನ್ನುವ ಕಾಲಂ ಎರಡು ಬೆರಳಗಲ.
ಜಾರಿ ಬಿದ್ದದ್ದು: ಹಿಡಿಸುತ್ತದೆ.
ಬಾಗಿಲು ಬಡಿದದ್ದು: ಒತ್ತಿ ಬರೆದರೆ ಹಿಡಿಸುತ್ತದೆ.

ಬೆಟಗೇರಿಯ ಬನಶಂಕ್ರವ್ವ, ಮುಂಗೈ ಮುರಿದು:
"ಮಗ್ಗದ ಕುಣ್ಯಾಗ ಬಿದ್ದೆ."
ಬರೆದೆ.
ಎಂಟು ತಿಂಗಳಿಗೆ, ಹುಬ್ಬು ಹರಿದು: ಮಗ್ಗದ ಕುಣಿ.
ಬರೆದೆ.
ಆ ಮಗ್ಗ ಮಾರಿ ಮೂರು ವರ್ಷ,
ಕುಣಿಗೆ ಮಣ್ಣು ತುಂಬಿ ಮ್ಯಾಲೆ ಫ್ರಿಜ್ ಇಟ್ಟಾರ ಅಂತ
ನಾದಿನಿ ಹೇಳಿದಳು, ಗುಳಿಗೆ ಚೀಟಿ ಮಡಚುತ್ತ,
ಬಾಗಿಲ ಕಡೆ ನೋಡುತ್ತ.
ನಾನು ಬರೆದದ್ದನ್ನು ಹೊಡೆದು ಹಾಕಲಿಲ್ಲ.
ಪೆನ್ನಿಗೆ ಟೋಪಿ ಹಾಕಿದೆ.

ಆ ಪುಟಗಳೇ ಜಿಲ್ಲೆಯಿಂದ ರಾಜಧಾನಿಗೆ,
ಅಲ್ಲಿಂದ ಎಲ್ಲೆಲ್ಲಿಗೋ ಹೋಗಿ ಅಂಕಿಯಾಗುತ್ತವೆ.
ಲೋಕದ ಲೆಕ್ಕದಲ್ಲಿ ನಮ್ಮ ಗದಗ
ಮಂದಿ ಬಹಳ ಜಾರುವ ಊರು.

ಎಕ್ಸ್‌ರೇ ಖೋಲಿಯ ಯಚ್ಚರಪ್ಪ ಅಷ್ಟೊತ್ತು ಸುಮ್ಮನಿದ್ದ.
ಎದ್ದು ತನ್ನ ತೋಳನ್ನೇ ಮುಖಕ್ಕೆ ಅಡ್ಡ ಹಿಡಿದ.
"ಬಿದ್ದ ಕೈ ಬಹಳ ಮಾಡಿ ಮಣಿಕಟ್ಟಿಗೆ ಮುರೀತದ.
ತಡದ ಕೈ ಇಲ್ಲೆ, ನಡುವ.
ದಿನಾ ನೋಡತೀನಿ. ಸಿಸ್ಟರ್‌ಗೂ ಗೊತ್ತದ.
ಗೊತ್ತಿದ್ದವ್ರು ಯಾಕ ಬರಿಯೂದಿಲ್ಲ,
ಆ ಕಾರ್ಡು ಎಲ್ಲೆದರಿ ಮೇಡಂ?"

ಫ್ಯಾನ್ ಗಾಳಿಗೆ ಒಂದು ಕಾರ್ಡು ಮಗುಚಿತು.
ಕಮಲಾಕ್ಷಿ ಚೀಲದಿಂದ ಖಾಲಿ ಕಾರ್ಡು ತೆಗೆದಳು.
ಪೆನ್ನಿಗೆ ಎಲ್ಲರೂ ಕಿಸೆ ತಡವಿಕೊಂಡರು.
ನನ್ನದು ಕಿವಿಯ ಹಿಂದೆಯೇ ಇತ್ತು.
ಬರೆದೆ. ಅಕ್ಷರ ಸೊಟ್ಟ ಬಂದವು.
ಉಡಿ ಬಿಚ್ಚಿ ಅದರ ಮೇಲೆ ಸುರಿದೆ.

ಎಣಿಸಿದಳು: ತೊಂಬತ್ತೊಂಬತ್ತು.
ಇರ್ಲಿ ಬಿಡ್ರಿ, ಅಂದಳು.
ಇಪ್ಪತ್ತು ದೇಶದ ನಡುವೆ ಒಂದು ಬೀಜ.

ರಾತ್ರಿ ಪಾಳಿ. ಮುಳಗುಂದ ನಾಕಾದ ಹುಡುಗ,
ಹತ್ತೊಂಬತ್ತರವನು, ಕಿವಿಯಿಂದ ರಕ್ತ:
"ಬೈಕ್ ಸ್ಕಿಡ್ ಆತ್ರಿ ಸಿಸ್ಟರ್."
ಅಂಗಿಯ ಇಸ್ತ್ರಿ ಮುರಿದಿಲ್ಲ. ಮೊಣಕಾಲಿಗೆ ಮಣ್ಣಿಲ್ಲ.
ಹೊರಗೆ ಬೆಂಚಿನ ಮೇಲೆ ಅವನಣ್ಣ,
ಬಲಗೈ ಕಿಸೆಯಿಂದ ತೆಗೆಯುತ್ತಿಲ್ಲ.

ಪರದೆ ಎಳೆದೆ. ಸ್ಟೂಲು ಹತ್ತಿರ ಸರಿಸಿ ಕೂತೆ.
ಏಪ್ರನ್ನಿನ ಮೂಲೆಯಲ್ಲಿ ಏನೋ ಗಟ್ಟಿ ಹತ್ತಿತು ಬೆರಳಿಗೆ,
ನುಣ್ಣಗೆ.
"ನನಗೇನು ಅವಸರ ಇಲ್ಲಪಾ," ಅಂದೆ.